ಮಗ್ಗದ ಅಳತೆಯ ಕನ್ನಡಕ

"ಗುರುಗಳೇ, ಲೆಕ್ಕ ಹಾಕುವವನಲ್ಲಿ ಕರುಣೆ ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ. "ನೊಂದವರ ಎದುರು ಕುಳಿತು ಕೂಡಿಸಿ ಕಳೆಯುವುದು ಕಲ್ಲುಮನಸ್ಸಿನವರ ಕೆಲಸ ಅನ್ನಿಸುತ್ತದೆ."

ಗುರುಗಳು ನಕ್ಕರು. "ಲೆಕ್ಕದಲ್ಲಿ ನೀನು ಹಿಂದೆ ಎಂಬುದು ನನಗೆ ಗೊತ್ತು. ಅದಕ್ಕೆ ಕರುಣೆಯ ನೆಪ ಬೇಡ. ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ನೇಕಾರರ ಓಣಿಯಲ್ಲಿ ಒಬ್ಬ ಹೆಂಗಸಿದ್ದಳು. ಚಿಕ್ಕಂದಿನಿಂದ ಸೀರೆ ನೇಯ್ದವಳು. ವಯಸ್ಸಾದಂತೆ ಅವಳಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕಾಯಿತು. ಹರಿದ ಎಳೆ ಕಾಣದೆ ಸೀರೆಗಳು ಕೆಟ್ಟವು. ಇನ್ನೊಂದು ಕೆಟ್ಟರೆ ಮಗ್ಗವನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಮಾಲೀಕ ಹೇಳಿಬಿಟ್ಟ. ಮಗ್ಗ ಬಿಟ್ಟು ಬದುಕುವುದನ್ನು ನೆನೆಸಿಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ.

ಓಣಿಯವರು ಬಂದು ಮರುಗಿದರು. ಕಣ್ಣಿಗೆ ತಣ್ಣೀರು ಹಾಕಿಕೋ ಎಂದರು ಕೆಲವರು. ದುಡಿದದ್ದು ಸಾಕು ಎಂದು ಬೆನ್ನು ಸವರಿದರು ಕೆಲವರು.

ಅವಳು ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವನು ಲೆಕ್ಕದಲ್ಲಿ ಪಳಗಿದವನು. ಚುಕ್ಕಿ ಗೆರೆಗಳಿದ್ದ ಒಂದು ಕಾರ್ಡನ್ನು ಅವಳ ಕೈಗೆ ಕೊಟ್ಟು, ಪುಸ್ತಕ ಹಿಡಿಯುವಷ್ಟು ದೂರದಲ್ಲಿ ಹಿಡಿಸಿದ. ನೋಡುವ ವಸ್ತು ಎಷ್ಟು ಸೆಂಟಿಮೀಟರ್ ದೂರದಲ್ಲಿದೆಯೋ ಅದರಿಂದ ನೂರನ್ನು ಭಾಗಿಸಿದರೆ ಇಂಥ ಕಣ್ಣಿಗೆ ಬೇಕಾದ ಪವರ್ ಬರುತ್ತದೆ. ಪುಸ್ತಕದ ದೂರ ಮೂವತ್ತಮೂರು, ಪವರ್ ಮೂರು. ಗಾಜು ಕೂರಿಸಿಕೊಟ್ಟ. ಕಾರ್ಡಿನ ಚುಕ್ಕಿಗಳೆಲ್ಲ ಕಂಡವು. ಅವಳು ಕೈಮುಗಿದು ಹೋದಳು.

ಆ ವಾರವೇ ತಿರುಗಿ ಬಂದಳು. ಹಣೆ ಊದಿತ್ತು.

"ನಿಮ್ಮ ಕನ್ನಡಕದ್ದೇನೂ ತಪ್ಪಿಲ್ರೀ ಅಣ್ಣಾರ, ನನ್ನ ಕಣ್ಣಽ ಮುಗದಾವು" ಎಂದಳು. "ಬಗ್ಗಿದ್ರಷ್ಟಽ ಎಳಿ ಕಾಣ್ತಾವು. ಬಗ್ಗಿದ್ರ ಮಗ್ಗದ ಹಲಗಿ ಬಂದು ಹಣಿಗೆ ಬಡೀತೈತಿ."

ಅವನು ಮತ್ತೆ ಭಾಗಿಸಿ ನೋಡಿದ. ಲೆಕ್ಕ ಸರಿಯಾಗಿತ್ತು. ಕಣ್ಣೇ ಹೋಗಿದೆ ಎಂದು ಹೇಳಿ ಕಳಿಸಬಹುದಿತ್ತು; ಆ ಮಾತನ್ನು ಅವಳೇ ಅವನ ಬಾಯಿಗಿಟ್ಟಿದ್ದಳು. ಆದರೆ ಊದಿದ ಹಣೆ ನೋಡಿ ಹಾಗೆ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ.

"ಅವ್ವಾ, ಪುಸ್ತಕ ಓದ್ತೀರೇನು?" ಎಂದು ಕೇಳಿದ.

"ಅಯ್ಯ, ನನಗೆಲ್ಲಿ ಅಕ್ಷರ ಬರ್ತಾವ್ರೀ!"

ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಅವಳ ಜೊತೆ ಹೊರಟ. ಮಗ್ಗದ ಮುಂದೆ ಎಂದಿನಂತೆ ನೆಟ್ಟಗೆ ಕೂರಲು ಹೇಳಿದ. ಅವಳ ಕಣ್ಣಿನಿಂದ ಎಳೆಯವರೆಗೆ ಟೇಪು ಹಿಡಿದ. ಐವತ್ತು. ನೂರನ್ನು ಐವತ್ತರಿಂದ ಭಾಗಿಸಿದ. ಎರಡು. ಯಾರೋ ಓದುವವರ ಕನ್ನಡಕವನ್ನು ಇವಳ ಮೂಗಿನ ಮೇಲೆ ಕೂರಿಸಿದ್ದೆ ಎಂದು ನಾಚಿಕೊಂಡ.

ಗಾಜು ಬದಲಾಯಿತು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಒಂದು ಎಳೆ ಹರಿಯಿತು; ಅದನ್ನು ಕೂತಲ್ಲಿಂದಲೇ ಕಂಡು, ಕೈಚಾಚಿ ಗಂಟು ಹಾಕಿದಳು. ಆಮೇಲೆ ಅತ್ತಳು. ಮಗ್ಗ ಅವಳ ಬಳಿಯೇ ಉಳಿಯಿತು.

ಶಿಷ್ಯ ಕೇಳಿದ: "ಹಾಗಾದರೆ ಅವಳನ್ನು ಕಾಪಾಡಿದ್ದು ಅವನ ಲೆಕ್ಕವೋ, ಕರುಣೆಯೋ?"

ಗುರುಗಳು ಹೇಳಿದರು: "ಮರುಗಿದವರು ಓಣಿಯ ತುಂಬ ಇದ್ದರು, ಟೇಪು ಹಿಡಿದು ಬಂದವನು ಒಬ್ಬನೇ."