ಕರಿಕಲ್ಲೂರಿನ ಮೂರು ತಟ್ಟೆಗಳು

“ಕೇಳ್ರಪ್ಪೋ ಕೇಳಿ! ಕರಿಕಲ್ಲೂರಿನ ದೊರೆ ತಿಪ್ಪನಾಯಕರ ಮಗಳು ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ! ಉತ್ತರ ಬಾಯಲ್ಲಿ ಹೇಳಿದರೆ ಸಾಲದು, ತಟ್ಟೆಯಲ್ಲಿ ತಂದಿಡಬೇಕು! ಕೈಯಲ್ಲಿ ಏನಾದರೂ ಹಿಡಿದು ಸಭೆಯ ಹೊಸಿಲು ದಾಟಿದವನು ಪಂದ್ಯಕ್ಕಿಳಿದ ವರ! ಗೆದ್ದವನಿಗೆ ಮಗಳು, ಅರ್ಧ ರಾಜ್ಯ! ಸೋತವನ ತಲೆ ಬೋರಣ್ಣನ ಕತ್ತಿಗೆ!”

ಆಗಲೇ ಏಳು ಜನ ಸೋತಿದ್ದರು. ಏಳು ಎಂಬುದು ಅರಮನೆಯವರ ಮಾತು. ಎಪ್ಪತ್ತು ಎಂದರೆ ಕತೆಗೆ ಚೆನ್ನ. ಜೋಯಿಸರು ತಲೆ ಕಡಿಯಲು ಒಳ್ಳೆಯ ಮುಹೂರ್ತ ಹುಡುಕುತ್ತಲೇ ಇದ್ದುದರಿಂದ ಅವರೆಲ್ಲ ಹಿಂದಿನ ಕೋಣೆಯಲ್ಲಿ ಹೋಳಿಗೆ ತಿನ್ನುತ್ತ, ಒಂದೊಂದು ತುತ್ತಿಗೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದರು.

ತೊಗಲು ಹದ ಮಾಡುವ ದುಗ್ಗನಿಗೆ ಇದ್ಯಾವುದೂ ಬೇಕಿರಲಿಲ್ಲ. ದೊರೆಯ ಹೊಸ ಮೆಟ್ಟು ಕೊಟ್ಟು ಮನೆಗೆ ಹೋದರೆ ಅವನಿಗೆ ಸಾಕಿತ್ತು. ಬರುವ ದಾರಿಯಲ್ಲಿ ಗುಡ್ಡದಲ್ಲಿ ಕಡಿದ ಸೊಪ್ಪಿನ ಹೊರೆಯೊಂದು ಹೆಗಲ ಮೇಲಿತ್ತು. ಹೊಸಿಲು ದಾಟಿದ್ದೇ ತಡ, ಬಾಗಿಲು ಕಾಯುವ ಭರಮಣ್ಣ ಅವನ ಹಣೆಗೆ ಕುಂಕುಮ ಮೆತ್ತಿದ.

“ಇದೇನಣ್ಣ?”

“ಕೈಯಲ್ಲಿ ಸಾಮಾನಿದೆ, ನೀನೂ ವರ.”

“ಅಯ್ಯೋ, ಇದು ದೊರೆಗಳ ಮೆಟ್ಟು ಕಣಣ್ಣ!”

“ಒಳಗೆ ಹೋಗಿ ಬೋರಣ್ಣನಿಗೆ ಹೇಳು.”

ಬೋರಣ್ಣ ಕತ್ತಿ ಮಸೆಯುತ್ತಿದ್ದ. ದುಗ್ಗ ಮೆಟ್ಟು ಎದೆಗವಚಿಕೊಂಡು ಸಾಲಿನಲ್ಲಿ ನಿಂತ. ಪಕ್ಕದಲ್ಲಿ ಇನ್ನಿಬ್ಬರು ವರರು: ಗಾಡಿಗಟ್ಟಲೆ ಸಾಮಾನು ಹೇರಿಕೊಂಡು ಬಂದ ಹಿರೇಗಡದ ರಾಜಕುಮಾರ, ಮತ್ತು ಹದಿನಾರು ಶಾಸ್ತ್ರ ಓದಿದ ಒಬ್ಬ ಪಂಡಿತ. ಒಬ್ಬೊಬ್ಬರ ಎದುರಿಗೂ ಮೂರು ಹಿತ್ತಾಳೆ ತಟ್ಟೆಗಳು, ಒಂದೊಂದು ಒಗಟಿಗೆ ಒಂದೊಂದು.

ಹೊನ್ನಾಜಮ್ಮಣ್ಣಿ ಕೇಳಿದಳು: “ಯಾರೂ ಬಿತ್ತಲಿಲ್ಲ, ಯಾರೂ ನೀರೆರೆಯಲಿಲ್ಲ. ಆದರೂ ಮೈತುಂಬ ಹೊನ್ನು ಹೇರಿಕೊಂಡು ಹಾದಿಬದಿಯಲ್ಲೇ ನಿಂತಿದೆ. ಒಬ್ಬ ಕಳ್ಳನೂ ಅದನ್ನು ಕದಿಯುವುದಿಲ್ಲ. ಏನದು?”

ರಾಜಕುಮಾರ ತಾನು ತಂದ ಸಾಮಾನಿನಿಂದ ಗುಡಿಯ ಚಿನ್ನದ ಕಳಸವನ್ನೇ ತೆಗೆದು ಇಟ್ಟ. ಪಂಡಿತ ಕನ್ನಡಿಯಿಟ್ಟು ಬಿಸಿಲನ್ನು ತಟ್ಟೆಗೆ ಬೀಳಿಸಿದ. ಸಭೆ ಭಲೆ ಎಂದಿತು. ಏನೂ ಹೊಳೆಯದೆ ದುಗ್ಗ ತಲೆ ತಗ್ಗಿಸಿದ. ತಗ್ಗಿಸಿದ್ದೇ ಒಳ್ಳೆಯದಾಯಿತು. ಫಳಫಳ ಹೊಳೆಯುವ ನೆಲದ ಮೇಲೆ ಅವನ ಹೊರೆಯಿಂದ ಉದುರಿದ ಹಳದಿ ಹೂ ಚೆಲ್ಲಾಡಿತ್ತು. ಒಂದು ರೆಂಬೆ ಮುರಿದು ತಟ್ಟೆಯಲ್ಲಿಟ್ಟ.

“ತಂಗಡಿ ಗಿಡ, ತಾಯಿ. ಆವರಿಕೆ ಅಂತಾರಲ್ಲ, ಅದೇ.”

“ಕಳೆ ಗಿಡವನ್ನು ಅರಮನೆಗೆ ತಂದಿದ್ದಾನೆ, ನೋಡ್ರಯ್ಯ!” ಎಂದು ರಾಜಕುಮಾರ ನಕ್ಕ.

ಹೊನ್ನಾಜಮ್ಮಣ್ಣಿ ನಗಲಿಲ್ಲ. “ಎರಡನೆಯದು. ಊರ ಆಡು ಸೀರೆಯನ್ನೂ ಬಿಡುವುದಿಲ್ಲ, ಪಂಚಾಂಗವನ್ನೂ ಬಿಡುವುದಿಲ್ಲ. ಆದರೆ ಹಸಿರಾಗಿ ಎದುರಿಗೆ ನಿಂತ ಈ ಕಾವಲುಗಾರನನ್ನು ಮಾತ್ರ ಮೂಸಿ ಮುಂದೆ ಹೋಗುತ್ತದೆ. ಯಾರವನು?”

ರಾಜಕುಮಾರ ಹಸಿರು ರುಮಾಲಿನ ತನ್ನ ಸಿಪಾಯಿಯನ್ನೇ ಎಳೆದು ತಟ್ಟೆಯ ಮೇಲೆ ಕೂರಿಸಿದ. ತಟ್ಟೆ ಸೊಟ್ಟಗಾಯಿತು. ಪಂಡಿತ ಪಚ್ಚೆ ಕಲ್ಲಿಟ್ಟ: “ಕಲ್ಲನ್ನು ಆಡು ತಿನ್ನುವುದೆಂತು?”

ದುಗ್ಗನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದೇ ಭಯ. ಒಂದೇ ಗಿಡ ಎರಡು ತಟ್ಟೆಗೆ ಹೇಗೆ ಬಂದೀತು? ಮೊದಲನೆಯದು ತಪ್ಪಿರಬೇಕು. ಮೂಲೆಯಲ್ಲಿ ಕತ್ತಿ ಮಸೆಯುವ ಸದ್ದು ನಿಂತು, ಬೋರಣ್ಣ ಅಲಗಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಆದರೂ ಆಡಿನ ವಿಷಯದಲ್ಲಿ ಸುಳ್ಳು ಹೇಳಲು ದುಗ್ಗನಿಗೆ ಮನಸ್ಸಾಗಲಿಲ್ಲ. ಇನ್ನೊಂದು ತಂಗಡಿ ರೆಂಬೆ ಇಟ್ಟ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಮೂರನೆಯದು. ಸತ್ತವನನ್ನು ಕೊಳೆಯದಂತೆ ಕಾಪಾಡಿ, ನೂರು ಹರದಾರಿ ನಡೆಸುವ ವೈದ್ಯ ಯಾರು?”

ರಾಜಕುಮಾರ ಲೇಹ್ಯದ ಭರಣಿ ಇಟ್ಟ. ಪಂಡಿತ ಮಂತ್ರ ಬರೆದ ತಾಳೆಗರಿ ಇಟ್ಟ. ದುಗ್ಗ ಮಾತ್ರ ಕಿಸಕ್ಕನೆ ನಕ್ಕುಬಿಟ್ಟ.

“ತಲೆ ಹೋಗುವ ಹೊತ್ತಿಗೆ ನಗು ಬೇರೆ!” ಎಂದು ದೊರೆ ಗುಡುಗಿದ.

“ತಪ್ಪಾಯ್ತು ಬುದ್ಧೀ. ಇದು ನಮ್ಮನೆ ಕೆಲಸ, ಅದಕ್ಕೆ ನಗು ಬಂತು.” ಮೂರನೆಯ ತಟ್ಟೆಯಲ್ಲೂ ತಂಗಡಿ ಇಟ್ಟು, ಅದರ ಪಕ್ಕ ದೊರೆಯ ಹೊಸ ಮೆಟ್ಟು ಇಟ್ಟ. “ಈ ಗಿಡದ ತೊಗಟೆ ಜಜ್ಜಿದ ನೀರಲ್ಲಿ ತೊಗಲು ನೆನೆಹಾಕಿದರೆ ಕೊಳೆಯೋದಿಲ್ಲ. ಇದು ಸತ್ತ ಎಮ್ಮೆ ಬುದ್ಧೀ. ನಾಳೆಯಿಂದ ನಿಮ್ಮ ಜೊತೆ ನಡೆಯುತ್ತೆ.”

ಹೊನ್ನಾಜಮ್ಮಣ್ಣಿ ಎದ್ದು ನಿಂತಳು.

“ಮೂರೂ ಸರಿ. ಹೂವೇ ಹೊನ್ನು. ಆಡು ಮುಟ್ಟದ ಕಾರಣ ಬೇಲಿಗೆ ಅದೇ ಕಾವಲು. ತೊಗಟೆಯೇ ವೈದ್ಯ. ತಟ್ಟೆ ಮೂರಿದ್ದರೆ ಉತ್ತರವೂ ಮೂರಿರಬೇಕು ಅಂತ ಯಾರು ಹೇಳಿದರು? ನೀವೆಲ್ಲ ಗುಡ್ಡದ ತುಂಬ ಹೂಬಿಟ್ಟ ತಂಗಡಿಯ ನಡುವೆಯೇ ಬಂದಿರಿ. ರಾಜಕುಮಾರರೇ, ನಿಮ್ಮ ಕುದುರೆಯ ಬಾಲದಲ್ಲಿ ಇನ್ನೂ ಅದರ ಹೂವಿದೆ!” ದುಗ್ಗನ ಕಡೆ ತಿರುಗಿ ದನಿ ತಗ್ಗಿಸಿದಳು. “ಐದು ವರ್ಷದಿಂದ ತೋಟದ ಸುತ್ತ ಇದರ ಬೀಜ ಹಾಕುತ್ತಿದ್ದೇನೆ. ಒಂದೂ ಮೊಳೆಯುವುದಿಲ್ಲ. ಇದನ್ನು ಬಲ್ಲವನೇ ನನಗೆ ಬೇಕಿತ್ತು.”

“ನೀರೆಷ್ಟು ಹಾಕ್ತೀರಿ ತಾಯಿ?”

“ದಿನಾ ಹತ್ತು ಕೊಡ.”

“ಹತ್ತೇ! ಬೀಜ ಈಜು ಕಲಿತಿರಬೇಕು. ಅದರ ಸಿಪ್ಪೆ ಬಲು ಗಟ್ಟಿ. ಕಲ್ಲಿಗೆ ಒಂಚೂರು ಉಜ್ಜಿ, ಬಿಸಿನೀರಲ್ಲಿ ನೆನೆಸಿ, ನೀರು ನಿಲ್ಲದ ಗರಸು ಮಣ್ಣಲ್ಲಿ ಹಾಕಿ. ಮೊಳಕೆ ಬಂದಮೇಲೆ ಅದನ್ನು ಮುದ್ದು ಮಾಡಬೇಡಿ.”

“ನನ್ನನ್ನು ಮಾಡಬಹುದು,” ಎಂದಳು ಹೊನ್ನಾಜಮ್ಮಣ್ಣಿ. ದೊರೆಗೆ ಕೆಮ್ಮು ಬಂತು.

ಅರ್ಧ ರಾಜ್ಯ ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ದೊರೆ ಕೇಳಿದಾಗ ದುಗ್ಗ, “ಗುಡ್ಡದ ಕಡೆಯದು ಕೊಡಿ ಬುದ್ಧೀ. ಜೊತೆಗೆ ಸೋತವರ ತಲೆಗಳನ್ನೂ ಕೊಡಿ, ಅವರವರ ಕುತ್ತಿಗೆಯ ಮೇಲೇ ಇರಲಿ,” ಎಂದ. ಬೋರಣ್ಣ ಅದೇ ಕತ್ತಿಯಲ್ಲಿ ಬೇಲಿ ಸವರುವ ಕೆಲಸಕ್ಕೆ ಸೇರಿಕೊಂಡ.

ಮದುವೆಯ ದಿನ ಬಾಗಿಲು ಕಾಯಬೇಕಾದ ಭರಮಣ್ಣ ಪಾಯಸದ ಕಡೆ ಹೋಗಿದ್ದಾಗ ಊರ ಆಡುಗಳೆಲ್ಲ ಚಪ್ಪರಕ್ಕೆ ನುಗ್ಗಿದವು. ಮಾವಿನ ತೋರಣ ಹೋಯಿತು, ರಾಜಕುಮಾರನ ಗುಲಾಬಿ ಹಾರ ಹೋಯಿತು, ಪಂಡಿತನ ಶಲ್ಯ ಅರ್ಧ ಹೋಯಿತು. ತಂಗಡಿ ಹೂವಿನ ಹಾರ ಹಾಕಿಕೊಂಡಿದ್ದ ಗಂಡುಹೆಣ್ಣನ್ನು ಮಾತ್ರ ಮೂಸಿ, ಮುಂದೆ ಹೋದವು. ಇದರಲ್ಲಿ ಒಂದಕ್ಷರ ಸುಳ್ಳು ಎನ್ನುವವರು ಆಡೊಂದನ್ನು ಹಿಡಿದುಕೊಂಡು ಹೋಗಿ ತಂಗಡಿ ಗಿಡದ ಮುಂದೆ ನಿಲ್ಲಿಸಲಿ. ಹೆಗಲ ಮೇಲಿನ ಟವೆಲ್ಲು ಮಾತ್ರ ಜೋಪಾನ.