ಎಳೆದರೆ ಹೇಳಿ

"ಹಿರಿಯರ ತಪ್ಪು ಕಣ್ಣಿಗೆ ಬಿದ್ದಾಗಲೂ ಗೌರವಕ್ಕೆಂದು ಸುಮ್ಮನಿದ್ದರೆ ಅದು ದೋಷವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಮನೆಯಲ್ಲಿ ಒಂದು ನಿಯಮವಿತ್ತು. ಕ್ಷೌರದ ಕತ್ತಿ ಕೂದಲು ಕತ್ತರಿಸದೆ ಎಳೆದರೆ, ಎಳೆಯಿತು ಎಂದು ಹೇಳಬೇಕು. ಆ ಮನೆಯವರೆಲ್ಲರೂ ಅದನ್ನು ಮುರಿದರು.

ಮನೆ ಒಬ್ಬ ವ್ಯಾಪಾರಿಯದು. ಕಸುಬು ಬಿಟ್ಟು ಹೊರಟಿದ್ದ ಮುದಿ ಕ್ಷೌರಿಕನೊಬ್ಬನಿಂದ ಅವನು ಕ್ಷೌರದ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ ಮೂರನ್ನೂ ಕೊಂಡ. ಕಲ್ಲಿನ ಮೇಲೆ ಮಸೆಯುವುದನ್ನು ಕ್ಷೌರಿಕ ತೋರಿಸಿಕೊಟ್ಟ. ಅಲಗಿನ ಹದ ಮಸೆಯುವವನ ಕಣ್ಣಿಗೆ ಕಾಣುವುದಿಲ್ಲ, ಕೂತವನ ಕೆನ್ನೆಗೆ ಗೊತ್ತಾಗುತ್ತದೆ ಎಂದು ಆ ನಿಯಮವನ್ನೂ ಹೇಳಿದ. ಚರ್ಮದ ಪಟ್ಟಿಗೆ ಉಜ್ಜುವುದನ್ನು ತೋರಿಸುವ ಮೊದಲೇ ಅವನ ಬಂಡಿ ಬಂತು.

ವ್ಯಾಪಾರಿಗೆ ಗಡ್ಡವಿತ್ತು. ಆದ್ದರಿಂದ ಕತ್ತಿ ಇಟ್ಟದ್ದು ಅಪ್ಪನ ಮುಖಕ್ಕೆ, ತಮ್ಮನ ಮುಖಕ್ಕೆ. "ಎಳೆದರೆ ಹೇಳಿ, ಸಂಕೋಚ ಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದ. ಮೊದಲ ಸಲ ತಮ್ಮ ಹೇಳಿದ. ಅಂದು ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೆ, ಬೇರೆ ಯಾವುದೋ ನೆಪಕ್ಕೆ ಅಣ್ಣ ಅವನನ್ನು ಬೈದ. ತಮ್ಮ ಮತ್ತೆ ಹೇಳಲಿಲ್ಲ. "ಬೆಣ್ಣೆ ಅಣ್ಣಾ, ಬೆಣ್ಣೆ!" ಎಂದು ಎದ್ದು ಬಂದು, ಒಳಗೆ ಹೆಂಡತಿಗೆ "ಕೋಳಿಯ ಪುಕ್ಕ ಕೀಳುವವರೂ ಮೊದಲು ಅದನ್ನು ಕೊಲ್ಲುತ್ತಾರೆ ಕಣೇ" ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ತಪ್ಪು ಚಿಕ್ಕದು. ಕಲ್ಲಿನ ಮೇಲೆ ಅಲಗು ಮುಂದಾಗಿ ಹೋಗಬೇಕು. ಚರ್ಮದ ಮೇಲೆ ಕತ್ತಿಯ ಬೆನ್ನು ಮುಂದಾಗಬೇಕು. ವ್ಯಾಪಾರಿ ಚರ್ಮದ ಮೇಲೂ ಅಲಗನ್ನೇ ಮುಂದೆ ಮಾಡಿ ಉಜ್ಜಿದ. ಕಲ್ಲು ಕೊಟ್ಟದ್ದನ್ನು ಚರ್ಮ ಕಿತ್ತುಕೊಂಡಿತು.

ಅಪ್ಪ ಆಯುಷ್ಯವೆಲ್ಲ ಕ್ಷೌರಿಕರ ಮುಂದೆ ಕೂತವನು. ಪಟ್ಟಿಯ ಮೇಲಿನ ಗೀರುಗಳನ್ನು ಕಂಡಾಗಲೇ ಅವನಿಗೆ ತಿಳಿಯಿತು. ಒಂದು ಮಾತು ಸಾಕಿತ್ತು. ಆದರೆ ಮಗ ತನ್ನ ಮುಖ ಮುಟ್ಟುವುದು ಆ ಹೊತ್ತಿನಲ್ಲಿ ಮಾತ್ರ. ಹೇಳಿದರೆ ಅದೂ ನಿಂತೀತೆಂದು ಮುದುಕ ಕಣ್ಣು ಮುಚ್ಚಿ ಕೂತ.

ಒಂದು ದಿನ ಕತ್ತಿ ಸಾಗಲಿಲ್ಲ. ವ್ಯಾಪಾರಿ ಒತ್ತಿದ. ದವಡೆಯ ಕೆಳಗೆ ಕುಯ್ದಿತು.

"ನೋವಾಯಿತೇ ಅಪ್ಪ?"

"ಇಲ್ಲ ಮಗಾ. ನಾನೇ ಅಲುಗಾಡಿದೆ."

ಗಾಯ ಕೀವುಗಟ್ಟಿತು, ಕತ್ತು ಊದಿತು. ತಾನೇ ಕೆರೆದುಕೊಂಡೆ ಎಂದು ಮುದುಕ ವೈದ್ಯನಿಗೂ ಹೇಳಿದ. ಜ್ವರ ಏರಿ ಸತ್ತ. ಕರ್ಮದ ದಿನ ಹೊಳೆಯ ದಂಡೆಯಲ್ಲಿ ವ್ಯಾಪಾರಿಯ ತಲೆ, ಗಡ್ಡ ಬೋಳಿಸಿದ್ದು ಬೇರೆಯವನ ಕತ್ತಿ. ಮನೆಯ ಕತ್ತಿ ಅವನನ್ನು ಎಂದೂ ಮುಟ್ಟಲಿಲ್ಲ. ಗಡ್ಡ ಮತ್ತೆ ಬೆಳೆಯಿತು.

ವರ್ಷ ಕಳೆದ ಮೇಲೆ ತಮ್ಮನ ಮಗುವಿನ ಹುಟ್ಟುಗೂದಲು ತೆಗೆಯುವ ದಿನ ಬಂತು. ಮನೆಯಲ್ಲೇ ಕತ್ತಿ ಇರುವಾಗ ಹೊರಗಿನವನು ಯಾಕೆ ಎಂದ ವ್ಯಾಪಾರಿ. ಬೆಳಗಿನಿಂದ ಕೂತು ಕಲ್ಲಿಗೆ ಮಸೆದ, ಚರ್ಮಕ್ಕೆ ಉಜ್ಜಿದ. ತಮ್ಮ ತನ್ನ ಮಗುವನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡು ತಲೆ ಹಿಡಿದುಕೊಟ್ಟ.

ಆಗ ತಮ್ಮನ ಹೆಂಡತಿ ಮುಂದೆ ಬಂದು ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ತನ್ನ ತಲೆಯಿಂದ ಒಂದು ಕೂದಲು ಕಿತ್ತು ವ್ಯಾಪಾರಿಯೆದುರು ತೂಗಿ ಹಿಡಿದಳು.

"ಭಾವ, ಮೊದಲು ಇದನ್ನು ಕತ್ತರಿಸಿ."

ವ್ಯಾಪಾರಿ ನಕ್ಕು ಕತ್ತಿ ತಾಗಿಸಿದ. ಕೂದಲು ಅಲಗಿನ ಮೇಲೆ ಬಾಗಿ ಜಾರಿತು. ಮತ್ತೆ ತಾಗಿಸಿದ. ಮತ್ತೆ ಜಾರಿತು. ಅವನ ನಗು ನಿಂತಿತು.

"ಅಪ್ಪನಿಗೂ ಎಳೆಯುತ್ತಿತ್ತೇ?"

ತಮ್ಮ ನೆಲ ನೋಡಿದ.

"ಮಾವನ ಮುಖ ಒರೆಸಿದ ಬಟ್ಟೆ ಒಗೆದವಳು ನಾನು" ಎಂದಳು ಅವಳು. "ಒಂದು ಸಲವೂ ರಕ್ತವಿಲ್ಲದೆ ಬರಲಿಲ್ಲ. ನಾನೂ ಹೇಳಲಿಲ್ಲ, ಭಾವ."

ಮಗುವಿನೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೈಮುಗಿದು ಏಳಲು ಹೋದ.

"ನಿನ್ನೆಯ ಪಾಠದಲ್ಲಿ ನಾನು ಅರ್ಥ ತಪ್ಪಿ ಹೇಳಿದಾಗ ನಿನ್ನ ಹುಬ್ಬು ಗಂಟಿಕ್ಕಿತು, ಆಮೇಲೆ ನೀನು ಹೌದೆಂದು ತಲೆಯಾಡಿಸಿದೆ" ಎಂದರು ಗುರು.