ಸ್ಕೋಪನ್ನು ಮನೆಗೆ ಒಯ್ಯುತ್ತಿದ್ದ ಗುರಿಕಾರ

"ಗುರುಗಳ, ಒಮ್ಮೆ ಕೂಡಿಸಿದ್ರ ಅಲ್ಲೇ ಇರೋ ಮೌಂಟ್ ತಗೊಳ್ಳಲೋ, ಬೇಕಾದಾಗ ಬಿಚ್ಚೋ ಮೌಂಟ್ ತಗೊಳ್ಳಲೋ?" ಎಂದು ಇಂದುಧರ ಕೇಳಿದ.

ಕೇಳಿದ್ದು ಸುಬೇದಾರ ನಿಂಗನಗೌಡರನ್ನು. ಅವರು ಸೈನ್ಯದಿಂದ ನಿವೃತ್ತರಾದ ಮೇಲೆ ಊರಾಚೆಯ ಗುಡ್ಡದ ಮಗ್ಗುಲಲ್ಲಿ ರೈಫಲ್ ಕ್ಲಬ್ಬಿನವರಿಗೆ ದೂರದ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಮೌಂಟ್ ಎಂದರೆ ರೈಫಲ್ಲಿನ ಬೆನ್ನಿಗೆ, ದೂರದ ಗುರಿಯನ್ನು ಹತ್ತಿರ ತೋರಿಸುವ ಸ್ಕೋಪನ್ನು ಕಚ್ಚಿ ನಿಲ್ಲಿಸುವ ಲೋಹದ ಹಿಡಿ. ಸ್ಕೋಪು ಎಷ್ಟು ಬೆಲೆಯದೇ ಇರಲಿ, ಆ ಹಿಡಿ ಕೂದಲೆಳೆಯಷ್ಟು ಅಲುಗಿದರೆ ದೂರದಲ್ಲಿ ಗುಂಡು ಮೊಳದಷ್ಟು ಆಚೆ ಬೀಳುತ್ತದೆ. ಆದ್ದರಿಂದ ಪ್ರಶ್ನೆ ಸಣ್ಣದಲ್ಲ.

ಬಿಚ್ಚುವ ಅಗತ್ಯವೇನು ಎಂದು ಗುರುಗಳು ಕೇಳಿದರು. ರೈಫಲ್ ಕ್ಲಬ್ಬಿನದು, ಸ್ಕೋಪು ತನ್ನ ಸ್ವಂತದ್ದು, ಕ್ಲಬ್ಬಿನ ಕೋಣೆ ಅಷ್ಟೇನೂ ಭದ್ರವಿಲ್ಲ, ಸಂಜೆ ಮನೆಗೆ ಒಯ್ದರೆ ವಾಸಿ ಎಂದು ಇಂದುಧರ ಹೇಳಿದ. ಕೋಣೆಯ ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂದು ಗುರುಗಳು ಮತ್ತೆ ಕೇಳಿದರು. ಬಾಳೇಶನ ಹತ್ತಿರ ಎಂದ. ಬಾಳೇಶ ಅವನ ಜೋಡಿಗಾರ. ಬರುವ ರಾಜ್ಯಮಟ್ಟದ ಸ್ಪರ್ಧೆಗೆ ಇಬ್ಬರೂ ಜೋಡಿಯಾಗಿ ಹೋಗಬೇಕಿತ್ತು. ಈಚೆಗೆ ಬಾಳೇಶನ ಗುಂಡುಗಳು ತಾಗುತ್ತಿದ್ದವು, ಇಂದುಧರನವು ತಪ್ಪುತ್ತಿದ್ದವು. ಅದು ಗುರುಗಳಿಗೂ ಗೊತ್ತಿತ್ತು.

ಅವರು ಅವನ ಮುಖ ನೋಡಿದರು. ಆಮೇಲೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗುರಿಕಾರನಿದ್ದ. ಅವನಿಗೊಬ್ಬ ಗೆಳೆಯ. ಒಬ್ಬ ಮಲಗಿ ಗುಂಡು ಹೊಡೆದರೆ ಇನ್ನೊಬ್ಬ ಪಕ್ಕದಲ್ಲಿ ಮಲಗಿ, ದುರ್ಬೀನು ಹಿಡಿದು, ಗಾಳಿ ಎತ್ತಣದ್ದು, ಗುಂಡು ಎಲ್ಲಿ ಬಿತ್ತು ಎಂದು ಹೇಳುತ್ತಿದ್ದ. ಆಮೇಲೆ ಅದಲುಬದಲು. ರೈಫಲ್ ಒಂದೇ, ಸ್ಕೋಪು ಒಂದೇ. ಸ್ಕೋಪು ಗುರಿಕಾರನದು. ದೂರದ ಗುರಿ ಹೊಡೆಯುವವನು ತನ್ನ ಕಣ್ಣನ್ನು ಅರ್ಧ ನಂಬಬೇಕು, ಪಕ್ಕದವನ ಮಾತನ್ನು ಪೂರ್ತಿ ನಂಬಬೇಕು. ಇವರಿಬ್ಬರೂ ಹಾಗೆಯೇ ನಂಬಿಕೊಂಡು ಬಹಳ ಕಾಲ ಚೆನ್ನಾಗಿದ್ದರು.

ಒಂದು ದಿನ ಗುರಿಕಾರನ ಗುಂಡುಗಳೆಲ್ಲ ಎಡಕ್ಕೆ ಬಿದ್ದವು. ಅದೇ ರೈಫಲ್ಲು, ಅದೇ ಗಾಳಿ, ಗೆಳೆಯ ಮಲಗಿ ಹೊಡೆದ; ಎಲ್ಲವೂ ನಟ್ಟನಡುವೆ ತಾಗಿದವು. ನಿನಗೆ ನಿದ್ದೆ ಸಾಲದು, ಮನೆಗೆ ಹೋಗಿ ಮಲಗು ಎಂದು ಗೆಳೆಯ ಹೇಳಿದ. ನಿಜವೂ ಅದೇ ಇರಬಹುದು. ಆದರೆ ಗುರಿಕಾರನ ತಲೆಯೊಳಗೆ ಹುಳ ಹೊಕ್ಕಿತು. ತನಗೆ ತಾಗದ್ದು ಇವನಿಗೆ ಹೇಗೆ ತಾಗಿತು? ತಾನಿಲ್ಲದಾಗ ಇವನು ಸ್ಕೋಪನ್ನು ತಿರುವಿಟ್ಟು, ಇವನ ಸರದಿ ಬಂದಾಗ ಸರಿಮಾಡಿಕೊಳ್ಳುತ್ತಾನೋ ಏನೋ.

ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಂಶಯದವನು ಕೇಳುವುದಿಲ್ಲ, ಕೇಳಿದರೆ ಎದುರಿನವನು ಎಚ್ಚರಗೊಳ್ಳುತ್ತಾನಲ್ಲ! ಗುರಿಕಾರ ಪೇಟೆಗೆ ಹೋದ. ಅಂಗಡಿಯವನು ಒಂದೇ ತುಂಡಿನ, ಒಮ್ಮೆ ಬಿಗಿದರೆ ಬಂಡೆಯ ಹಾಗೆ ಕೂಡುವ ಮೌಂಟನ್ನು ತೋರಿಸಿದ. ಗುರಿಕಾರ ಅದರ ಪಕ್ಕದ, ಹಿಡಿಕೆ ಎಳೆದರೆ ಕಳಚಿಕೊಳ್ಳುವ ಮೌಂಟನ್ನು ಆರಿಸಿದ. ದೂರದ ಗುರಿಗೆ ಮೊದಲಿನದೇ ಒಳ್ಳೆಯದು ಎಂದು ಅಂಗಡಿಯವನು ಹೇಳಿದರೆ, ಅದನ್ನು ಮಾರಿದರೆ ಅವನಿಗೆ ಹೆಚ್ಚು ಲಾಭವಿರಬೇಕು ಎಂದುಕೊಂಡ.

ಅಂದಿನಿಂದ ಸಂಜೆಯಾದರೆ ಸ್ಕೋಪು ಕಳಚಿ ಚೀಲಕ್ಕೆ ಹಾಕಿ ಮನೆಗೆ ಒಯ್ಯುತ್ತಿದ್ದ, ಬೆಳಿಗ್ಗೆ ತಂದು ಕೂಡಿಸುತ್ತಿದ್ದ. ಗೆಳೆಯ ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೂ ಸಂಶಯಕ್ಕೆ ಕಾರಣವಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗೆಳೆಯ ಚಹಾ ತಂದುಕೊಟ್ಟರೆ ಯಾಕೆ ತಂದ ಎಂದು, ತರದಿದ್ದರೆ ಯಾಕೆ ತರಲಿಲ್ಲ ಎಂದು ಯೋಚಿಸುತ್ತಿದ್ದ. ಗಾಳಿ ಬಲಗಡೆಯಿಂದ ಜೋರಾಗಿದೆ ಎಂದು ಗೆಳೆಯ ಹೇಳಿದರೆ ಇವನು ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದ. ಗುಂಡು ತಪ್ಪುತ್ತಿತ್ತು. ತಪ್ಪಿದ್ದಕ್ಕೆ ಗೆಳೆಯ ಹೇಳಿದ ಗಾಳಿಯೇ ಸುಳ್ಳು ಎಂದುಕೊಳ್ಳುತ್ತಿದ್ದ.

ಸ್ಕೋಪು ಮನೆಗೆ ಹೋದರೂ ಅದು ಕೂರುವ ಪಟ್ಟಿ ರೈಫಲ್ಲಿನ ಮೇಲೆಯೇ ಉಳಿಯುತ್ತದೆ, ಸಣ್ಣ ಸಣ್ಣ ಸ್ಕ್ರೂಗಳಿಂದ ಬಿಗಿದದ್ದು. ಗೆಳೆಯ ಈಗ ಆ ಸ್ಕ್ರೂಗಳಿಗೆ ಕೈ ಹಾಕಿದ್ದಾನೆ ಎಂದು ಗುರಿಕಾರ ತೀರ್ಮಾನಿಸಿದ. ಹೆಂಡತಿಯ ಉಗುರುಬಣ್ಣ ತಂದು, ಪ್ರತಿ ಸ್ಕ್ರೂವಿನ ತಲೆಯಿಂದ ಪಟ್ಟಿಯ ಮೇಲಕ್ಕೆ ಒಂದೊಂದು ಕೆಂಪು ಗೆರೆ ಎಳೆದ. ಸ್ಕ್ರೂ ತಿರುಗಿದರೆ ಗೆರೆ ಒಡೆಯುತ್ತದೆ. ಬಂದೂಕಿನವರು ಇದನ್ನು ಮಾಡುವುದುಂಟು, ಸ್ಕ್ರೂ ಸಡಿಲಾಯಿತೇ ಎಂದು ನೋಡಲು. ಇವನು ಮಾಡಿದ್ದು ಗೆಳೆಯ ಕಳ್ಳನೇ ಎಂದು ನೋಡಲು.

ಗೆಳೆಯ ಆ ಕೆಂಪು ನೋಡಿ ನಕ್ಕ. "ಉಗುರಬಣ್ಣ ಆತು. ಇನ್ನ ಇದಕ ಗಾಜಿನ ಬಳಿ ಯಾವಾಗ ಇಡಸ್ತಿ?" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಸಿಕ್ಕಿಬೀಳುತ್ತಾನೆ. ಗೆಳೆಯ ಹೆಗಲು ಮುಟ್ಟಿಕೊಳ್ಳಲಿಲ್ಲ. ಹಾಗಾದರೆ ಇವನು ಪಳಗಿದ ಕಳ್ಳನೇ ಸರಿ ಎಂದು ಗುರಿಕಾರ ತಿಳಿದ. ಮುಟ್ಟಿಕೊಂಡಿದ್ದರೂ ಬಿಡುತ್ತಿರಲಿಲ್ಲ ಎನ್ನು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಗೆರೆ ಒಡೆದಿತ್ತು. ಗುರಿಕಾರನಿಗೆ ಸಂತೋಷವಾಯಿತು. ಹೌದು, ಸಂತೋಷವೇ. ಗೆಳೆಯ ಕೆಟ್ಟವನಾದದ್ದಕ್ಕಿಂತ ತಾನು ಊಹಿಸಿದ್ದು ಸರಿಯಾದದ್ದು ಅವನಿಗೆ ದೊಡ್ಡದಾಗಿ ಕಂಡಿತು. ಕ್ಲಬ್ಬಿನ ಹಿರಿಯರನ್ನೆಲ್ಲ ಕರೆದು ಗೆರೆ ತೋರಿಸಿದ. ಕೋಣೆಯ ಕೀಲಿಕೈ ಇದ್ದದ್ದು ಗೆಳೆಯನ ಹತ್ತಿರ. ಬೇರೆ ಸಾಕ್ಷಿ ಯಾರಿಗೂ ಬೇಕೆನಿಸಲಿಲ್ಲ. ಗೆಳೆಯ ಹಿರಿಯರ ಕಡೆ ನೋಡಲೇ ಇಲ್ಲ, ಗುರಿಕಾರನನ್ನು ನೋಡಿದ.

"ನಾ ಮುಟ್ಟಿಲ್ಲ ಅಂದ್ರ ನಂಬ್ತಿಯೇನು?"

"ಗೆರಿ ಸುಳ್ಳ ಹೇಳೂದಿಲ್ಲ" ಎಂದ ಗುರಿಕಾರ.

ಗೆಳೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಊರು ಸಣ್ಣದು. ಜೋಡಿಗಾರನ ಬಂದೂಕು ಕೆಡಿಸಿದವನು ಎಂಬ ಮಾತು ಅವನಿಗಿಂತ ಮುಂಚೆ ಅವನ ಮನೆ ಮುಟ್ಟಿತು. ಮತ್ತೆ ಯಾರೂ ಅವನ ಕೈಗೆ ರೈಫಲ್ ಕೊಡಲಿಲ್ಲ. ಆ ಒಂದು ವಿದ್ಯೆ ಬಿಟ್ಟರೆ ಅವನಿಗೆ ಹೆಮ್ಮೆಪಡಲು ಬೇರೇನೂ ಇರಲಿಲ್ಲ.

ಇನ್ನಾದರೂ ಗುರಿಕಾರ ಹಾಯಾಗಿ ಗುರಿ ಹೊಡೆಯಬೇಕಿತ್ತಲ್ಲ. ಹೊಸ ಜೋಡಿಗಾರ ಬಂದ. ಸ್ಕ್ರೂ ಬಿಗಿದು ಹೊಸ ಗೆರೆ ಎಳೆದದ್ದಾಯಿತು. ಅದೂ ಒಡೆಯಿತು. ಹಳೆಯವನು ಹಗೆ ತೀರಿಸಿಕೊಳ್ಳಲು ಕಿಟಕಿಯಿಂದ ಬಂದಿರಬೇಕೆಂದು ಕಿಟಕಿ ನೋಡಿದ. ಜೇಡರ ಬಲೆ ಹಾಗೇ ಇತ್ತು. ಹಾಗಾದರೆ ಹೊಸಬನೇ. ಅವನನ್ನೂ ಕಳಿಸಿಬಿಟ್ಟ. ಕೀಲಿಕೈಯನ್ನು ತನ್ನ ಉಡದಾರಕ್ಕೇ ಕಟ್ಟಿಕೊಂಡ. ಗೆರೆ ಒಡೆಯುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಸ್ಪರ್ಧೆ ಬಂತು. ಜೋಡಿಯಿಲ್ಲದವನಿಗೆ ಅಲ್ಲಿ ಜಾಗವಿರಲಿಲ್ಲ.

ಒಂದು ಸಂಜೆ ಅವನು ಒಬ್ಬನೇ ಕೂತು ಸ್ಕೋಪು ಕಳಚುತ್ತಿದ್ದ. ಹಿಡಿಕೆ ಬಿಗಿಯಾಗಿತ್ತು. ಎಂದಿನ ಹಾಗೆ ರೈಫಲ್ಲನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಜಗ್ಗಿದ. ಅಂದು ಅವನ ಕಣ್ಣು ಗೆರೆಯ ಮೇಲಿತ್ತು. ಜಗ್ಗಿದ ಏಟಿಗೆ ಪಟ್ಟಿ ಮಿಸುಕಿತು; ಗೆರೆ ಅವನ ಕಣ್ಣೆದುರಿಗೇ ಬಿರಿಯಿತು. ದಿನಾ ಸಂಜೆ ಸ್ಕ್ರೂ ಸಡಿಲಿಸುತ್ತಿದ್ದ ಕೈ ತನ್ನದೇ ಎಂದು ಅವನಿಗೆ ಗೊತ್ತಾಯಿತು.

ಅವನಿಗೆ ನಾಚಿಕೆಯಾಯಿತು. ಗೆಳೆಯನ ಮನೆ ಹಿಂದಿನ ಓಣಿಯಲ್ಲೇ ಇತ್ತು. ಹೋಗಿ ಕಾಲು ಹಿಡಿಯಬೇಕೆನಿಸಿತು. ಆದರೆ ಕಾಲು ಹಿಡಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲರೆದುರಿಗೆ ಆಡಿದ ಮಾತನ್ನು ಎಲ್ಲರೆದುರಿಗೇ ನುಂಗಬೇಕು. ಆ ಧೈರ್ಯ ಅವನಿಗಿರಲಿಲ್ಲ. ಒಂದು ಬ್ಲೇಡು ತೆಗೆದುಕೊಂಡು ಗೆರೆಗಳನ್ನೆಲ್ಲ ಕೆರೆದು ಹಾಕಿದ. ಮರುದಿನ ಪೇಟೆಗೆ ಹೋಗಿ, ಮೊದಲು ಬೇಡವೆಂದಿದ್ದ ಮೌಂಟನ್ನೇ ತಂದು ಬಿಗಿದ. ಅದು ಇವತ್ತಿಗೂ ಅಲುಗಿಲ್ಲ. ಗುಂಡು ನಟ್ಟನಡುವೆ ತಾಗುತ್ತದೆ. ತಾಗಿತು ಎಂದು ಹೇಳಲು ಪಕ್ಕದಲ್ಲಿ ಯಾರೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಇಂದುಧರ ನೆಲ ನೋಡುತ್ತಾ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ಮೌಂಟಿನ ಮಾತಿಗೇ ಮರಳಿದರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ ಎಂದುಕೊಂಡು ತಲೆ ಎತ್ತಿದ.

"ಹಂಗಾದ್ರ ಗಟ್ಟಿ ಕೂಡೋದನ್ನ ತಗೋತೀನ್ರಿ, ಗುರುಗಳ" ಎಂದ.

"ಬ್ಯಾಡ, ಬಿಚ್ಚೋದನ್ನ ತಗೋ. ದಿನಾ ಸ್ಕೋಪ್ ಬಿಚ್ಚಿ ತನ್ನ ಮನಿಗೆ ಒಯ್ಯಾಂವ ಬಾಳೇಶ ಆಗಲಿ" ಎಂದರು ಗುರುಗಳು.